ಹಡಗಿಗೆ ಮೊದಲು ಕಾಲು

ಜೂನ್ ಮೊದಲ ವಾರ. ಮಳೆ ಬಂದಿರಲಿಲ್ಲ, ಗಾಳಿ ಮಾತ್ರ ಬಂದಿತ್ತು. ಹೊನ್ನಾವರದ ನಮ್ಮ ಮನೆಯ ಜಗಲಿಗೆ ಪಡುವಣ ದಿಕ್ಕಿಗೊಂದು ಕಿಟಕಿ ಇದೆ. ಅದರ ಪರದೆ ಒಮ್ಮೆ ಒಳಕ್ಕೆ ಉಬ್ಬಿ, ಶೋಕೇಸಿನ ಮೇಲೆ ನಿಂತಿದ್ದ ಹಾಯಿಹಡಗಿನ ಅಡ್ಡಮರದ ತುದಿಗೆ ಸಿಕ್ಕಿಕೊಂಡಿತು. ವಾಪಸ್ ಹೋಗುವಾಗ ಹಡಗನ್ನೂ ಕರಕೊಂಡೇ ಹೋಯಿತು. ಏಳು ತಿಂಗಳು ಕೂತು ಕಟ್ಟಿದ ಪ್ಲಾಸ್ಟಿಕ್ಕಿನ ಕಟಿ ಸಾರ್ಕ್, ರೆಡ್ ಆಕ್ಸೈಡ್ ನೆಲಕ್ಕೆ ತಲೆಕೆಳಗಾಗಿ ಬಿದ್ದು ಮೂರು ತುಂಡಾಯಿತು.

ಅಡುಗೆಮನೆಯಿಂದ ಬಂದ ಮನೆಯಾಕೆ ನೋಡಿ ಹೇಳಿದ್ದು ಒಂದೇ ಮಾತು: "ಅದಕ್ಕೆ ಕಾಲೇ ಸರಿ ಇಲ್ಲ ಅಂತ ಅವತ್ತೇ ಹೇಳಿದ್ದೆ ನಿಮಗೆ."

ಹೇಳಿದ್ದು ಹೌದು. ಮೂವತ್ತೊಂದು ವರ್ಷ ಫಿಟ್ಟರ್ ಹುಡುಗರಿಗೆ ಪಾಠ ಹೇಳಿದವನು ನಾನು. ಪ್ರತಿ ವರ್ಷ ಮೊದಲ ದಿನ ಮೊದಲ ತಾಸಿನಲ್ಲಿ ನಾನು ಹೇಳುತ್ತಿದ್ದದ್ದು, ಅರ ಹಿಡಿಯುವ ಮೊದಲು ಕಬ್ಬಿಣದ ತುಂಡನ್ನು ವೈಸ್‌ನಲ್ಲಿ ಬಿಗಿ ಎಂದು. ಬಿಗಿಯಾಗಿ ಕೂರದ ತುಂಡಿನ ಮೇಲೆ ಎಷ್ಟು ಅರ ಹಾಕಿದರೂ ಅದು ಕೆಲಸವಲ್ಲ, ಸದ್ದು. ಅಂಥವನು ಹಡಗಿನ ಕಾಲಿನ ವಿಷಯದಲ್ಲಿ ಮಾತ್ರ ಡಬ್ಬಿಯೊಳಗೆ ಬಂದ ಸೂಚನೆ ಹಾಳೆ ಹೇಳಿದಂತೆ ಕೇಳಿದೆ. ಆ ಹಾಳೆಯಲ್ಲಿ ಸ್ಟ್ಯಾಂಡ್ ಬರುವುದು ಕೊನೆಯ ಚಿತ್ರದಲ್ಲಿ. ಹಗ್ಗಗಳನ್ನೆಲ್ಲ ಕಟ್ಟಿ, ಬಾವುಟ ಅಂಟಿಸಿ, ಎಲ್ಲ ಮುಗಿದ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಂಥ ಎರಡು ತೆಳು ತುಂಡುಗಳನ್ನು ಒಂದು ಪಟ್ಟಿಯಿಂದ ಜೋಡಿಸಿ, ಹಡಗನ್ನು ಅದರ ಮೇಲೆ 'ಇಡಿ' ಅಂತ. ಇಡಿ! ಮದುವೆ ಊಟಕ್ಕೆ ಕೂತವರ ಎಲೆಗೆ ಉಪ್ಪು ಬಡಿಸಿದ ಹಾಗೆ.

ನನ್ನ ತಕರಾರು ಇಷ್ಟೇ. ಹಡಗಿನ ಮಾದರಿ ಕಟ್ಟುವಾಗ ಕಾಲು ಕೊನೆಯ ಕೆಲಸವಲ್ಲ, ಮೊದಲ ಕೆಲಸ. ಇದು ನನ್ನಂಥ ಹವ್ಯಾಸಿಗಳ ಎರಡಡಿ ಪ್ಲಾಸ್ಟಿಕ್ಕಿಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ. ಕೋಟಿಗಟ್ಟಲೆ ಸುರಿದು ನಿಜವಾದ ಹಡಗುಗಳನ್ನು ಪ್ರದರ್ಶನಕ್ಕಿಟ್ಟ ದೊಡ್ಡ ದೊಡ್ಡವರೂ ಇದೇ ಪಾಠವನ್ನು ತಡವಾಗಿ ಕಲಿತಿದ್ದಾರೆ.

ಕಟಿ ಸಾರ್ಕ್ ಯಾವುದೆಂದು ಎರಡು ಮಾತು. 1869ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ನೀರಿಗಿಳಿದ ಹಡಗು. ಚೀನಾದಿಂದ ಲಂಡನ್ನಿಗೆ ಚಹಾ ತರುವುದಕ್ಕೆಂದೇ ಕಟ್ಟಿದ್ದು. ಆ ವರ್ಷದ ಹೊಸ ಚಹಾ ಯಾರು ಮೊದಲು ಮುಟ್ಟಿಸುತ್ತಾರೋ ಅವರಿಗೆ ಒಳ್ಳೆಯ ಬೆಲೆ ಎನ್ನುವ ಕಾಲ, ಹಾಗಾಗಿ ಓಟಕ್ಕೆ ಹೇಳಿ ಮಾಡಿಸಿದ ಮೈ. ಪಾಪ, ಅದೇ ವರ್ಷ ಸೂಯೆಜ್ ಕಾಲುವೆಯೂ ತೆರೆದು ಉಗಿಹಡಗುಗಳಿಗೆ ಹತ್ತಿರದ ದಾರಿ ಸಿಕ್ಕಿತು. ಎಂಟು ಸಲ ಚಹಾ ಹೊತ್ತು, ಆಮೇಲೆ ಆಸ್ಟ್ರೇಲಿಯಾದ ಉಣ್ಣೆ ಹೊತ್ತು, ನಂತರ ಪೋರ್ಚುಗೀಸರ ಕೈಗೆ ಹೋಗಿ, ಕೊನೆಗೆ 1954ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಒಣ ಹಡಗುಕಟ್ಟೆಗೆ ಬಂದು ನಿಂತಿತು. ಒಳಗಿನ ಪಕ್ಕೆಲುಬು ಕಬ್ಬಿಣದ್ದು, ಹೊರಗಿನ ಹಲಗೆ ಮರದ್ದು. ನೀರಿನ ಮೇಲಿನ ಭಾಗದ ಹಲಗೆ ನಮ್ಮ ಕಡೆಯವರು ಕಿವಿ ನಿಮಿರಿಸುವಂಥದ್ದು, ತೇಗ.

ಈಗ ಅಳತೆ ನೋಡಿ. ಮೂತಿಯಿಂದ ಮುಂದಕ್ಕೆ ಚಾಚಿದ ಮರವೂ ಸೇರಿ ಉದ್ದ 280 ಅಡಿ, ಒಡಲಿನ ಉದ್ದ ಮಾತ್ರ 212 ಅಡಿ. ನಡುವಿನ ಕೂವೆಮರದ ಎತ್ತರ 152 ಅಡಿ. ಒಡಲಿನ ಅಗಲ 36 ಅಡಿ. ಆದರೆ ದೊಡ್ಡ ಹಾಯಿ ಕಟ್ಟುವ ಅಡ್ಡಮರ ಒಂದೇ 78 ಅಡಿ ಉದ್ದ. ಇದನ್ನು ಎರಡಡಿಯ ಮಾದರಿಗೆ ಇಳಿಸಿದರೆ ಎತ್ತರ ಹದಿಮೂರು ಇಂಚು, ಒಡಲಿನ ಅಗಲ ಮೂರೇ ಇಂಚು, ಅಡ್ಡಮರ ಏಳು ಇಂಚಿಗೆ ಸ್ವಲ್ಪ ಕಡಿಮೆ. ಅಡಿಯಲ್ಲಿ ನೆಲಕ್ಕೆ ತಾಗುವ ಕೀಲ್ ಎಂಬ ಅಡಿಮರವೋ, ಬೆಂಕಿಕಡ್ಡಿಯ ದಪ್ಪ. ಅಂದರೆ ಈ ಆಕಾರ ನಿಲ್ಲುವುದಕ್ಕೆ ಹುಟ್ಟಿದ್ದೇ ಅಲ್ಲ. ತೇಲುವುದಕ್ಕೆ ಹುಟ್ಟಿದ್ದು. ಒಡಲು ಮೂರಿಂಚು, ಕೈ ಚಾಚಿದರೆ ಏಳಿಂಚು. ಪರದೆ, ದೂಳು ಹೊಡೆಯುವ ಬಟ್ಟೆ, ಮೊಮ್ಮಗಳ ಮೊಣಕೈ, ಎಲ್ಲವೂ ಮೊದಲು ಮುಟ್ಟುವುದು ಆ ಕೈಯ ತುದಿಯನ್ನು. ತುದಿಯಲ್ಲಿ ಸಣ್ಣಗೆ ತಾಗಿದರೂ ಬುಡದಲ್ಲಿ ದೊಡ್ಡ ತಿರುಚು. ಮೀಟುಗೋಲಿನ ಲೆಕ್ಕ, ಹೈಸ್ಕೂಲಿನ ಹುಡುಗನಿಗೂ ಗೊತ್ತು.

ನೀರಿನಲ್ಲಿರುವಾಗ ಹಡಗಿಗೆ ಕಾಲು ಬೇಡ, ಯಾಕೆಂದರೆ ಮೈಯೆಲ್ಲ ಕಾಲೇ. ಮುಳುಗಿದ ಭಾಗದ ಪ್ರತಿ ಇಂಚನ್ನೂ ನೀರು ಕೆಳಗಿನಿಂದ, ಪಕ್ಕದಿಂದ ಒತ್ತಿ ಹಿಡಿದಿರುತ್ತದೆ. ತಾಯಿ ಮಗುವನ್ನು ಎರಡೂ ಅಂಗೈಯಲ್ಲಿ ಎತ್ತಿದ ಹಾಗೆ. ದಡಕ್ಕೆ ತಂದು ನಿಲ್ಲಿಸಿದ ಕೂಡಲೇ ಆ ಸಾವಿರ ಕೈಗಳು ಹೋಗಿ ನಾಲ್ಕೈದು ಬೆರಳು ಉಳಿಯುತ್ತವೆ. ಪೂರ್ತಿ ಭಾರ ಆ ಬೆರಳುಗಳ ಮೇಲೆ. ಶರಾವತಿ ದಡದಲ್ಲಿ ದೋಣಿ ರಿಪೇರಿ ಮಾಡುವವರನ್ನು ನೋಡಿ. ಮೀನುಗಾರಿಕೆ ನಿಂತಿರುವ ಎರಡು ತಿಂಗಳಲ್ಲಿ ಮರದ ದೋಣಿಯನ್ನು ಮೇಲಕ್ಕೆಳೆದು ಊರುಗೋಲು ಕೊಡುವಾಗ ಅವರು ಕೈಯಿಂದ ಹಲಗೆ ತಟ್ಟಿ ತಟ್ಟಿ ನೋಡುತ್ತಾರೆ. ಒಳಗೆ ಪಕ್ಕೆಲುಬು ಎಲ್ಲಿದೆಯೋ ಅಲ್ಲೇ ಊರುಗೋಲು. ಎರಡು ಪಕ್ಕೆಲುಬಿನ ನಡುವೆ ಬರೀ ಹಲಗೆಗೆ ಕೊಟ್ಟರೆ, ಮಳೆಗಾಲ ಮುಗಿಯುವಷ್ಟರಲ್ಲಿ ಹಲಗೆ ಒಳಗೆ ಹೋಗಿರುತ್ತದೆ. ಒಬ್ಬ ಹಿರಿಯರನ್ನು ಕೇಳಿದೆ, ಇದನ್ನು ಯಾರು ಕಲಿಸಿದ್ದು ಅಂತ. "ಒಡೆದ ದೋಣಿ ಕಲಿಸಿತು ಮಾರಾಯ್ರೆ" ಅಂದರು.

ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಅಡ್ಮಿರಲ್ ನೆಲ್ಸನ್ನನ ವಿಕ್ಟರಿ ಹಡಗಿದೆ, 1765ರಲ್ಲಿ ನೀರಿಗಿಳಿದದ್ದು. 1922ರಿಂದ ಒಣಕಟ್ಟೆಯಲ್ಲಿ ನಿಂತಿದೆ. ಅದಕ್ಕೆ ಕೊಟ್ಟದ್ದು 22 ಉಕ್ಕಿನ ತೊಟ್ಟಿಲು. ಮೂರು ತಲೆಮಾರು ಅದನ್ನು ನೋಡಿ ಭೇಷ್ ಎಂದಿತು. ಆಮೇಲೆ ಲೇಸರ್ ಹಿಡಿದು ಅಳೆದರೆ, ಹಡಗು ತನ್ನ ಭಾರಕ್ಕೆ ತಾನೇ ವರ್ಷಕ್ಕೆ ಅರ್ಧ ಸೆಂಟಿಮೀಟರಿನಂತೆ ಜಗ್ಗುತ್ತಿತ್ತು. ತೊಟ್ಟಿಲು ತಾಗುವ ಕಡೆ ಮೈ ಒತ್ತಿಹೋಗುತ್ತದೆ, ಎರಡು ತೊಟ್ಟಿಲ ನಡುವೆ ಜೋಲುತ್ತದೆ. ಕೊನೆಗೆ ತೊಟ್ಟಿಲುಗಳನ್ನು ತೆಗೆದು 134 ಉಕ್ಕಿನ ಊರುಗೋಲು ಕೊಟ್ಟರು. ಪ್ರತಿಯೊಂದರಲ್ಲೂ ಎಷ್ಟು ಭಾರ ಬೀಳುತ್ತಿದೆ ಎಂದು ತೋರಿಸುವ ಯಂತ್ರವಿದೆ, ಹೆಚ್ಚುಕಡಿಮೆ ಆದರೆ ತಿರುಗಿಸಿ ಸರಿ ಮಾಡಬಹುದು. ಕೆಲಸ ಮುಗಿದದ್ದು 2020ರಲ್ಲಿ. ಸುಮಾರು ನೂರು ವರ್ಷದ ನಂತರ ಹಡಗಿಗೆ ನೀರಿನಂಥ ಆಧಾರ ಮತ್ತೆ ಸಿಕ್ಕಿತು ಅನ್ನಬೇಕು.

ಸ್ವೀಡನ್ನಿನ ವಾಸಾ ಹಡಗಿನ ಕತೆ ಇನ್ನೂ ವಿಚಿತ್ರ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಸಲ ಹೊರಟು ಒಂದೂವರೆ ಕಿಲೋಮೀಟರ್ ಕೂಡ ಹೋಗದೆ, ಒಂದು ಗಾಳಿಗೆ ವಾಲಿ ಮುಳುಗಿತು. ತಲೆ ಭಾರ, ಅಡಿಭಾರ ಸಾಲದು. ಅದಕ್ಕೂ ಮೊದಲು ಪರೀಕ್ಷೆ ಮಾಡಿದ್ದರು: ದಡದಲ್ಲಿ ಕಟ್ಟಿದ್ದಾಗ 30 ಜನರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೊನೆಯಿತೆಂದರೆ, ಇಲ್ಲೇ ಮಗುಚೀತು ಎಂದು ಹೆದರಿ ಅಡ್ಮಿರಲ್ ಸಾಹೇಬರು ಓಟ ನಿಲ್ಲಿಸಿದರು. ಓಟ ನಿಲ್ಲಿಸಿದರು, ಹಡಗನ್ನು ನಿಲ್ಲಿಸಲಿಲ್ಲ! 333 ವರ್ಷ ಕೆಸರಿನಲ್ಲಿದ್ದು 1961ರಲ್ಲಿ ಮೇಲೆ ಬಂತು. ಹದಿನೇಳು ವರ್ಷ ಅದರ ಮರಕ್ಕೆ ರಸಾಯನ ಸಿಂಪಡಿಸಿ ಉಳಿಸಿಕೊಂಡರು. ಈಗ ಅದೂ ತನ್ನ ಆಧಾರದ ಮೇಲೆ ನಿಧಾನ ಜಗ್ಗುತ್ತಿರುವುದರಿಂದ ಹೊಸ ಉಕ್ಕಿನ ಆಧಾರ ಕಟ್ಟುವ ಕೆಲಸ ಹಿಡಿದಿದ್ದಾರೆ. ನೀರಲ್ಲೂ ನಿಲ್ಲದ, ನೆಲದಲ್ಲೂ ನಿಲ್ಲದ ಹಡಗು.

ನಾನು ಕಟಿ ಸಾರ್ಕ್‌ನ ಕೆಳಗೆ ನಿಂತಿದ್ದೇನೆ. ಮೇಲೆ ಅಲ್ಲ, ಕೆಳಗೆ. 2019ರಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಅಳಿಯ ಗ್ರೀನಿಚ್‌ಗೆ ಕರಕೊಂಡು ಹೋದ. 2007ರ ಮೇ ತಿಂಗಳಲ್ಲಿ ರಿಪೇರಿ ನಡೆಯುತ್ತಿದ್ದಾಗ ಅದಕ್ಕೆ ಬೆಂಕಿ ಬಿದ್ದಿತ್ತು. ಪುಣ್ಯಕ್ಕೆ ಕೂವೆಮರಗಳೂ ಬಹಳಷ್ಟು ಹಲಗೆಗಳೂ ಬಿಚ್ಚಿ ಬೇರೆಡೆ ಇಟ್ಟಿದ್ದವು. 2012ರಲ್ಲಿ ಮತ್ತೆ ತೆರೆಯುವಾಗ ಇಡೀ ಹಡಗನ್ನು ಮೂರು ಮೀಟರ್ ಮೇಲಕ್ಕೆತ್ತಿ, ಪಕ್ಕಗಳಿಂದ ಉಕ್ಕಿನ ತೋಳು ಕೊಟ್ಟು ಹಿಡಿದಿದ್ದರು. ಸುತ್ತ ನೀರಿನ ಮಟ್ಟದಲ್ಲಿ ಅಲೆಯಂತೆ ಗಾಜಿನ ಚಪ್ಪರ. ಅದರಡಿಗೆ ಇಳಿದರೆ ತಲೆಯ ಮೇಲೆ ಹೊಂಬಣ್ಣದ ಹಡಗಿನ ಹೊಟ್ಟೆ. ತಾಮ್ರ ಮತ್ತು ಸತು ಬೆರೆಸಿದ ಮಂಟ್ಸ್ ಲೋಹದ ತಗಡು ಹೊದಿಸಿದ್ದಾರೆ, ನಮ್ಮ ಹಿತ್ತಾಳೆ ಕೊಡಪಾನದ ಬಣ್ಣ. ಅಲ್ಲೊಂದು ಚಹಾದಂಗಡಿಯೂ ಉಂಟು. ಚಹಾ ಹಡಗಿನ ಹೊಟ್ಟೆಯಡಿ ಕೂತು ಚಹಾ ಕುಡಿದೆ. ಬೆಲೆ ಹೇಳುವುದಿಲ್ಲ, ಮನೆಯಾಕೆ ಪೇಪರ್ ಓದುತ್ತಾಳೆ.

ಹಡಗನ್ನು ಎತ್ತಿ ಗಾಜು ಹೊದಿಸಿದ ಇದೇ ಕೆಲಸಕ್ಕೆ 2012ರಲ್ಲಿ ಬ್ರಿಟನ್ನಿನ ಅತಿ ಕೆಟ್ಟ ಕಟ್ಟಡಕ್ಕೆ ಕೊಡುವ ಕಾರ್ಬಂಕಲ್ ಕಪ್ ಎಂಬ ಕುಚೋದ್ಯದ ಬಹುಮಾನ ಸಿಕ್ಕಿತು. ಬೈದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊರಗೆ ನಿಂತು ನೋಡುವವನಿಗೆ ಆ ಗಾಜು ಹಡಗಿನ ಸೊಂಟದ ಕೆಳಗಿನ ಗೆರೆಯನ್ನು ಮುಚ್ಚಿಬಿಟ್ಟಿದೆ. ಕಟಿ ಸಾರ್ಕ್‌ನ ಚೆಲುವೆಲ್ಲ ಇರುವುದೇ ಆ ಗೆರೆಯಲ್ಲಿ. ಆದರೆ ಹಡಗನ್ನು ಎತ್ತಿದ್ದೇ ತಪ್ಪು ಅನ್ನುವವರ ಜೊತೆ ನಾನಿಲ್ಲ. ಅರ್ಧ ಶತಮಾನ ಕೀಲಿನ ಮೇಲೆ ಕೂತು ಅದರ ಮೈಯ ಆಕಾರ ಕೆಡುತ್ತಿತ್ತು. ಭಾರವನ್ನು ಕೀಲಿನಿಂದ ಬಿಡಿಸಿ ಪಕ್ಕೆಲುಬುಗಳಿಗೆ ಹಂಚಬೇಕು ಅಂತ ಯೋಚಿಸಿದವನು ಯಾರೇ ಇರಲಿ, ನಮ್ಮ ದಡದ ಹಿರಿಯರ ಪಂಥದವನು. ಆಧಾರಕ್ಕೆ ನೂರಕ್ಕೆ ತೊಂಬತ್ತು ಅಂಕ, ಗಾಜಿಗೆ ಮೂವತ್ತು. ಸೇರಿಸಿ ಸರಾಸರಿ ತೆಗೆಯಬಾರದು.

ನಮ್ಮಲ್ಲೂ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಎಂಬ ಕ್ಷಿಪಣಿ ಹಡಗನ್ನು ನೆಲದ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಹೋದಾಗಲೆಲ್ಲ ಮಕ್ಕಳು ಕ್ಷಿಪಣಿಯ ಕೊಳವೆ ನೋಡುತ್ತವೆ, ನಾನು ಬಗ್ಗಿ ಅಡಿ ನೋಡುತ್ತೇನೆ. ಕಾವಲುಗಾರ ಒಮ್ಮೆ ಬಂದು "ಏನು ಬಿತ್ತು ಸರ್?" ಅಂತ ಕೇಳಿದ್ದ.

ಈಗ ನನ್ನ ಎರಡಡಿಗೆ ಬರುತ್ತೇನೆ. ಮೊದಲ ಹಡಗು ಬಿದ್ದ ಮೇಲೆ ಅದಕ್ಕೆ ಕಾಲು ಕೊಡಲು ಹೋಗಿ ಇನ್ನಷ್ಟು ಹಾಳು ಮಾಡಿದೆ. ಒಡಲು ಅಂಟಿಸಿ ಮುಚ್ಚಿಯಾಗಿತ್ತು, ಒಳಗೆ ಕೈ ಹೋಗುವುದಿಲ್ಲ. ಸರಿ, ಕೀಲಿಗೆ ಹೊರಗಿನಿಂದಲೇ ತೂತು ಕೊರೆದು ಮರದ ಸ್ಕ್ರೂ ಬಿಗಿದೆ. ಮುಕ್ಕಾಲು ತಿರುವಿಗೆ ಚಟ್ ಎಂದಿತು. ಒಡಲಿನ ಎರಡು ಹೋಳು ಸೇರುವ ಗೆರೆ ಇರುವುದು ಕೀಲಿನ ಮೇಲೆಯೇ. ಅಲ್ಲಿಗೆ ಸ್ಕ್ರೂ ಹಾಕುವುದೆಂದರೆ ಅಂಟಿನೊಳಗೆ ಬೆಣೆ ಹೊಡೆದ ಹಾಗೆ. ಗೊತ್ತಿದ್ದೂ ಮಾಡಿದೆ. ಸಿಟ್ಟು ಬಂದವನ ಕೈಗೆ ಡ್ರಿಲ್ ಕೊಡಬಾರದು.

ಅಳಿಯ ಎರಡನೆಯ ಕಿಟ್ ತಂದುಕೊಟ್ಟ. ಈ ಸಲ ಡಬ್ಬಿ ಒಡೆದವನು ಸೂಚನೆ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, ಒಡಲಿನ ಎರಡು ಹೋಳುಗಳನ್ನು ಮಾತ್ರ ಟೇಪು ಸುತ್ತಿ ಜೋಡಿಸಿ ಮೇಜಿನ ಮೇಲೆ ಇಟ್ಟುಕೊಂಡೆ. ಅಂಟು ಹಚ್ಚುವ ಮೊದಲೇ ಕೀಲಿನಲ್ಲಿ ಎರಡು ತೂತು. ಎರಡೇ. ಒಂದೇ ಆದರೆ ಹಡಗು ಅದರ ಸುತ್ತ ತಿರುಗುತ್ತದೆ. ಮೂರಾದರೆ, ಮೂರರ ತಲೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಗೆರೆಗೆ ಬರಬೇಕು. ಬಾರದಿದ್ದರೆ ನಡುವಿನದು ಕೀಲನ್ನು ಮೇಲಕ್ಕೆ ತಳ್ಳುತ್ತದೆ, ಇಲ್ಲ ಕೆಳಕ್ಕೆ ಎಳೆಯುತ್ತದೆ.

ಎರಡು ತೂತು ಎಲ್ಲಿ? ಇಲ್ಲಿ ನನಗೆ ನನ್ನ ಹಳೆಯ ವೃತ್ತಿ ನೆನಪಾಯಿತು. ಅಳತೆಯ ಕೋಣೆಯಲ್ಲಿ ಉದ್ದದ ಉಕ್ಕಿನ ಸರಳನ್ನು ಎರಡು ಆಧಾರದ ಮೇಲೆ ಇಡುವಾಗ ಎಲ್ಲೆಂದರಲ್ಲಿ ಇಡುವುದಿಲ್ಲ. ತೀರ ತುದಿಗೆ ಇಟ್ಟರೆ ನಡು ಜೋಲುತ್ತದೆ, ನಡುವಿಗೆ ತಂದರೆ ತುದಿ ಜೋಲುತ್ತದೆ. ತುದಿಯಿಂದ ಉದ್ದದ ಐದನೇ ಒಂದು ಪಾಲಿಗಿಂತ ತುಸು ಒಳಗೆ, ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೊಂದರ ಜಾಗದಲ್ಲಿ ಇಟ್ಟರೆ ಸರಳಿನ ಎರಡೂ ತುದಿಯ ಮುಖಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುತ್ತವೆ. ಇವಕ್ಕೆ ಏರಿ ಬಿಂದುಗಳು ಅಂತ ಹೆಸರು. ಈ ಲೆಕ್ಕ ಹಾಕಿದ ಜಾರ್ಜ್ ಏರಿ 1835ರಿಂದ 1881ರವರೆಗೆ ರಾಜಖಗೋಳಜ್ಞನಾಗಿ ಕೂತಿದ್ದದ್ದು ಅದೇ ಗ್ರೀನಿಚ್‌ನ ಗುಡ್ಡದ ಮೇಲೆ. ಅವನು ಅಲ್ಲಿದ್ದ ಕಾಲದಲ್ಲೇ ಕಟಿ ಸಾರ್ಕ್ ಚಹಾ ಹೊತ್ತು ಥೇಮ್ಸ್ ನದಿಗೆ ಬಂದು ಹೋಗುತ್ತಿತ್ತು. ಮೂವತ್ತೊಂದು ವರ್ಷ ಈ ಹೆಸರನ್ನು ಬೋರ್ಡಿನ ಮೇಲೆ ಬರೆದು ಅಳಿಸಿದ್ದೆ, ಆ ಗುಡ್ಡಕ್ಕೂ ನನ್ನ ಪ್ಲಾಸ್ಟಿಕ್ ಹಡಗಿಗೂ ಇರುವ ನಂಟು ಹೊಳೆದದ್ದು ಈಗ. ಹದಿನೆಂಟು ಇಂಚಿನ ಒಡಲಿಗೆ ಲೆಕ್ಕ ಹಾಕಿದರೆ ತುದಿಯಿಂದ ಮೂರೂಮುಕ್ಕಾಲು ಇಂಚು. ಹಡಗು ಒಂದೇ ದಪ್ಪದ ಸರಳಲ್ಲ, ಆದ್ದರಿಂದ ಅರ್ಧ ಇಂಚು ಅತ್ತಿತ್ತ ಆದರೆ ಏರಿ ಸಾಹೇಬರು ಬೇಸರಿಸಲಾರರು. ಮುಂದಿನ ತೂತನ್ನು ಮುಂದಿನ ಕೂವೆಮರದ ಸಮೀಪಕ್ಕೆ, ಹಿಂದಿನದನ್ನು ಹಿಂದಿನ ಕೂವೆಮರದ ಸಮೀಪಕ್ಕೆ ಸರಿಸಿಕೊಂಡೆ. ಕಾರಣ ಮುಂದೆ ಹೇಳುತ್ತೇನೆ.

ತೂತಿನ ಮೇಲೆ, ಒಡಲಿನ ಒಳಗೆ, ಹಲಸಿನ ಮರದ ಎರಡು ಸಣ್ಣ ದಿಮ್ಮಿ. ದಿಮ್ಮಿಯೊಳಗೆ ನಾಲ್ಕು ಮಿಲಿಮೀಟರ್ ಬೋಲ್ಟಿನ ನಟ್ಟು ಹೂತು, ಅರಾಲ್ಡೈಟ್ ತುಂಬಿದೆ. ನಟ್ಟಿನ ಮರೆಗಳಿಗೆ ಅಂಟು ಇಳಿಯದಂತೆ ಮೊದಲೇ ಬೋಲ್ಟಿಗೆ ತೆಂಗಿನೆಣ್ಣೆ ಸವರಿ ಹಾಕಿಡಬೇಕು, ಒಣಗಿದ ಮೇಲೆ ಬಿಚ್ಚಿಕೊಳ್ಳಬಹುದು. ದಿಮ್ಮಿಯ ಸುತ್ತ ಎಂ-ಸೀಲ್ ಮೆತ್ತಿ ಒಡಲಿನ ಎರಡೂ ಗೋಡೆಗೆ ಹಬ್ಬಿಸಿದೆ. ಈಗ ಬೋಲ್ಟು ಎಳೆಯುವುದು ಕೀಲಿನ ತೆಳು ಪ್ಲಾಸ್ಟಿಕ್ಕನ್ನಲ್ಲ, ಇಡೀ ಒಡಲನ್ನು. ಕೆಳಗೆ ಹಿತ್ತಾಳೆ ಕೊಳವೆಯ ಎರಡು ಕಂಬ, ಅದರೊಳಗಿಂದ ಬೋಲ್ಟು, ಪೀಠದ ಅಡಿಯಿಂದ ವಾಷರ್ ಹಾಕಿ ಬಿಗಿ. ಕೊಳವೆಯ ಎರಡೂ ತುದಿ ಕಾಟಕೋನದಲ್ಲಿ ಇರಲೇಬೇಕು. ಒಂದು ಗುಂಜಿಯಷ್ಟು ಓರೆಯಿದ್ದರೂ ಕೂವೆಮರದ ತುದಿಗೆ ಹೋಗುವಷ್ಟರಲ್ಲಿ ಹಡಗು ಕುಡಿದವನ ಹಾಗೆ ಕಾಣುತ್ತದೆ.

ಪೀಠ ಹಳೆಯ ಬಾಗಿಲಿನ ಹಲಸಿನ ಹಲಗೆ. ಒಂದಿಂಚು ದಪ್ಪ, ಇಪ್ಪತ್ತೆಂಟು ಇಂಚು ಉದ್ದ, ಒಂಬತ್ತು ಇಂಚು ಅಗಲ. ಒಂಬತ್ತು ಯಾಕೆ? ಅಡ್ಡಮರ ಏಳಿಂಚಿಗೆ ಹತ್ತಿರವಲ್ಲವೇ, ಪೀಠ ಅದಕ್ಕಿಂತ ಅಗಲ ಇರಬೇಕು. ಆಗ ಗೋಡೆಗೋ ಪರದೆಗೋ ಮೊದಲು ತಾಗುವುದು ಪೀಠದ ಅಂಚು, ಅಡ್ಡಮರದ ತುದಿಯಲ್ಲ. ಇದೊಂದು ಮಾತನ್ನು ನೆನಪಿಟ್ಟುಕೊಂಡಿದ್ದರೆ ಜೂನ್ ತಿಂಗಳ ಅನಾಹುತವೇ ಆಗುತ್ತಿರಲಿಲ್ಲ. ಇಡೀ ಹಡಗು ಅರ್ಧ ಕಿಲೋ ತೂಗುವುದಿಲ್ಲ, ಹಲಗೆ ಎರಡು ಕಿಲೋಗೂ ಹೆಚ್ಚು. ಭಾರದ ನಡುಬಿಂದು ಹೋಗಿ ಹಲಗೆಯ ಹತ್ತಿರ ಕೂರುತ್ತದೆ, ಕೂವೆಮರದ ತುದಿಯನ್ನು ಬೆರಳಲ್ಲಿ ಒತ್ತಿದರೂ ಜಗ್ಗುವುದಿಲ್ಲ. ವಾಸಾದ ಮೂವತ್ತು ಜನರ ಕೆಲಸ ನನ್ನ ತೋರುಬೆರಳು ಮಾಡುತ್ತದೆ. ಮೂರು ಸಲ ಅಲ್ಲ, ಮೂವತ್ತು ಸಲ.

ಪೀಠ ಇಷ್ಟು ಭಾರವಿದ್ದರೆ ಒಡಲಿನೊಳಗೆ ಅಡಿಭಾರ ಬೇಕಿಲ್ಲ. ಬೇಕೆನ್ನುವವರು ಕೆಲವರು ಸೀಸದ ಗುಂಡು ಸುರಿದು ಬಿಳಿ ಅಂಟು ಹೊಯ್ಯುತ್ತಾರೆ. ದಯವಿಟ್ಟು ಬೇಡ. ಆ ಅಂಟಿಗೂ ಸೀಸಕ್ಕೂ ಆಗಿಬರುವುದಿಲ್ಲ. ವರ್ಷಗಳ ಮೇಲೆ ಬಿಳಿ ಪುಡಿಯಾಗಿ ಉಬ್ಬಿ ಒಡಲನ್ನೇ ಸೀಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ಜೋಡಿನ ಗೆರೆ ಬಾಯಿ ಬಿಟ್ಟಿರುತ್ತದೆ.

ಕೂವೆಮರದ ಕಾರಣ ಹೇಳುತ್ತೇನೆ ಎಂದೆನಲ್ಲ. ಪ್ಲಾಸ್ಟಿಕ್ಕಿನ ಕೂವೆಮರ ನೋಡಲು ಮರದಂತಿದ್ದರೂ ಗುಣದಲ್ಲಿ ಮೇಣ. ದಾರಗಳನ್ನು ಬಿಗಿದು ಕಟ್ಟಿದರೆ ಎಳೆದ ಕಡೆಗೆ ಬಾಗುತ್ತದೆ, ಇವತ್ತಲ್ಲ, ತಿಂಗಳುಗಳಲ್ಲಿ. ಅದಕ್ಕೆ ಹರಿದ ಕೊಡೆಯ ಉಕ್ಕಿನ ಕಡ್ಡಿಯನ್ನು ಕತ್ತರಿಸಿ ಕೂವೆಮರದ ಎರಡು ಹೋಳುಗಳ ನಡುವೆ ಹುದುಗಿಸಿದೆ. ಕರಾವಳಿಯ ಮನೆಯಲ್ಲಿ ಹರಿದ ಕೊಡೆಗೆ ಬರವೇ? ಕಡ್ಡಿಯ ತುದಿ ಅಟ್ಟವನ್ನು ದಾಟಿ ಇಳಿದು ಆ ಹಲಸಿನ ದಿಮ್ಮಿಯ ತೂತಿಗೆ ಹೋಗಿ ಕೂರುತ್ತದೆ. ದಾರದ ಎಳೆತ ಕೂವೆಮರಕ್ಕೆ, ಅಲ್ಲಿಂದ ದಿಮ್ಮಿಗೆ, ದಿಮ್ಮಿಯಿಂದ ಬೋಲ್ಟಿಗೆ, ಬೋಲ್ಟಿನಿಂದ ಹಲಗೆಗೆ. ನಡುವಿನ ಕೂವೆಮರಕ್ಕೆ ಬೇರೆ ದಿಮ್ಮಿ, ಬೋಲ್ಟಿಲ್ಲದ್ದು. ಇದನ್ನೆಲ್ಲ ಒಡಲು ಮುಚ್ಚಿದ ಮೇಲೆ ಮಾಡಲು ಸಾಧ್ಯವೇ ಇಲ್ಲ ಎಂಬುದನ್ನು ಗಮನಿಸಬೇಕು. ಸ್ಟ್ಯಾಂಡ್ ಕೊನೆಗೆ ಅನ್ನುವ ಸೂಚನೆ ಹಾಳೆ ಬರೀ ಸ್ಟ್ಯಾಂಡನ್ನು ಕೆಡಿಸುವುದಿಲ್ಲ, ಮೇಲಿನ ಹಗ್ಗವನ್ನೂ ಕೆಡಿಸುತ್ತದೆ.

ದಾರದ ವಿಷಯದಲ್ಲಿ ಹತ್ತಿ ಬೇಡ, ಪಾಲಿಯೆಸ್ಟರ್ ಇರಲಿ. ಹತ್ತಿಗೆ ನಮ್ಮ ಮಳೆಗಾಲದ ತೇವ ಒಂದು ಬಗೆ, ಮಾರ್ಚಿನ ಸೆಖೆ ಇನ್ನೊಂದು ಬಗೆ. ಎಡಕ್ಕೊಂದು ಕಟ್ಟಿದರೆ ಬಲಕ್ಕೊಂದು, ಕಾರಿನ ಚಕ್ರದ ನಟ್ಟು ಬಿಗಿದ ಹಾಗೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೂವೆಮರ ಆಗಲೇ ಮೊದಲ ಬದಿಯ ಪಕ್ಷ ಸೇರಿರುತ್ತದೆ.

ಕೆಲವರು ಹಡಗನ್ನು ಅರ್ಧಕ್ಕೆ ಕತ್ತರಿಸಿ, ರಾಳದ ಕಡಲು ಹೊಯ್ದು, ಅದರಲ್ಲಿ ತೇಲಿದಂತೆ ಕೂರಿಸುತ್ತಾರೆ. ನಿಲ್ಲಿಸುವ ತೊಂದರೆ ಅಲ್ಲಿಗೆ ಮುಗಿಯಿತು, ಗಟ್ಟಿಯೂ ಹೌದು. ನನಗೆ ಮನಸ್ಸು ಒಪ್ಪುವುದಿಲ್ಲ. ಓಟದ ಹಡಗಿನ ಅರ್ಧ ಜಾಣತನ ನೀರಿನಡಿ ಇರುವುದು. ಅದನ್ನು ಗರಗಸಕ್ಕೆ ಕೊಟ್ಟು, ನಕಲಿ ನೊರೆ ಮೆತ್ತಿ, ಯಾರಿಗೆ ಏನು ತೋರಿಸಿದ ಹಾಗಾಯಿತು? ಹಾಗೆಯೇ ಕಂಬವನ್ನು ಕಾಣದಂತೆ ಮಾಡುವ ಹುಚ್ಚು. ಪಾರದರ್ಶಕ ಅಕ್ರಿಲಿಕ್ ಕಡ್ಡಿಯ ಮೇಲೆ ಹಡಗು ಗಾಳಿಯಲ್ಲಿ ತೇಲುತ್ತಿದೆ ಅನ್ನಿಸಬೇಕಂತೆ. ಹಡಗು ಗಾಳಿಯಲ್ಲಿ ತೇಲುವುದಿಲ್ಲ. ಹಿತ್ತಾಳೆ ಕಂಬ ಕಂಡರೆ ಕಾಣಲಿ, ನನ್ನನ್ನು ಕೇಳಿದರೆ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಬೇಕು.

ಮೇಲೊಂದು ಅಕ್ರಿಲಿಕ್ ಪೆಟ್ಟಿಗೆ ಇರಲಿ. ದೂಳಿಗಲ್ಲ, ಹಲ್ಲಿಗೆ. ನಮ್ಮ ಕಡೆ ಹಗ್ಗ ಹತ್ತಲು ನಾವಿಕರು ಬೇಕಿಲ್ಲ. ಮೊದಲ ಹಡಗಿನ ನಡುವಿನ ಕೂವೆಮರದ ತುದಿಯಲ್ಲಿ ದಿನಾ ಸಂಜೆ ಏಳಕ್ಕೆ ಒಂದು ಹಲ್ಲಿ ಕೂತು ಟ್ಯೂಬ್‌ಲೈಟಿನ ಹುಳು ಕಾಯುತ್ತಿತ್ತು. ಅದು ಹಾರುವಾಗ ಕೊಡುವ ಒದೆತಕ್ಕೆ ಎರಡು ದಾರ ಸಡಿಲಾಗಿದ್ದವು. ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬೇಡಿ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಹಿಂದಿನ ಅಂಚಿನಲ್ಲಿ ನಾಲ್ಕು ಸಣ್ಣ ತೂತು, ಅದಕ್ಕೆ ಸೊಳ್ಳೆ ಜಾಲರಿ. ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಕರಗದಿದ್ದರೂ ಸದಾ ಭಾರ ಹೊತ್ತ ಜಾಗ ನಿಧಾನಕ್ಕೆ ಮಣಿಯುತ್ತದೆ. ವಿಕ್ಟರಿಗೆ ವರ್ಷಕ್ಕೆ ಅರ್ಧ ಸೆಂಟಿಮೀಟರ್ ಆದದ್ದು ಬಿಸಿಲಿನಿಂದಲ್ಲ ನಿಜ, ಆದರೆ ಮಣಿಯುವ ರೀತಿ ಅದೇ.

ಇದನ್ನು ಓದಿ ಯಾರಾದರೂ, ಎರಡು ಬೋಲ್ಟಿಗೆ ಇಷ್ಟುದ್ದ ಪುರಾಣವೇ ಅನ್ನಬಹುದು. ಕಿಟ್ ಮಾಡುವವರಿಗೆ ನಾನು ಕೇಳುವುದು ಹೆಚ್ಚೇನಲ್ಲ. ಕೊನೆಯ ಚಿತ್ರವನ್ನು ಮೊದಲ ಪುಟಕ್ಕೆ ತನ್ನಿ, ಕೀಲಿನ ಒಳಗೆ ನಟ್ಟು ಕೂರುವ ಎರಡು ಗೂಡು ಅಚ್ಚಿನಲ್ಲೇ ಬಿಡಿ. ಹತ್ತು ರೂಪಾಯಿಯ ಖರ್ಚಿಲ್ಲ. ಹಡಗು ಕೊಳ್ಳುವವರಿಗೆ ಹೇಳುವುದು, ಕಂಪನಿ ತರುವವರೆಗೆ ಕಾಯಬೇಡಿ.

ನನ್ನ ಎರಡನೆಯ ಹಡಗು ಇನ್ನೂ ಎರಡು ಹೋಳಾಗಿ ಟೇಪಿನಲ್ಲಿದೆ. ದಿಮ್ಮಿಗಳು ಒಣಗಿವೆ, ಅಂಟಿಸುವುದಕ್ಕೆ ಮಳೆ ಹೊಳವಾಗಬೇಕು. ಪೀಠ ಮಾತ್ರ ಮುಗಿದು, ಪಾಲಿಶ್ ಆಗಿ, ಎರಡು ಹಿತ್ತಾಳೆ ಕಂಬ ನಿಲ್ಲಿಸಿಕೊಂಡು ಶೋಕೇಸಿನ ಮೇಲೆ ಕೂತಿದೆ. ಮೊನ್ನೆ ಪಕ್ಕದ ಮನೆಯ ಮಾಸ್ತರರು ಬಂದವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಇದೆಂಥದು, ದೀಪದ ಕಂಬವಾ?"

"ಹಡಗು" ಅಂದೆ.

ಮನೆಯಾಕೆ ಚಹಾ ತಂದವಳು ಅವರಿಗೆ ಕೇಳುವ ಹಾಗೆ ಹೇಳಿದಳು: "ಹೌದು ಮಾಸ್ತರ್ರೆ. ಈ ಸಲ ಕಾಲು ಬಂದಿದೆ, ಮೈ ಬರಬೇಕು."